ಗೆಲವು ಯಾರದು?

ಮೊನ್ನೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಹಳೆಯ ಶಿಷ್ಯನೊಬ್ಬ ಪಕ್ಕದಲ್ಲಿ ಬಂದು ಕುಳಿತ. ನಾಗಮಂಗಲದ ಕಡೆಯ ಹುಡುಗ, ಕಬಡ್ಡಿಯಲ್ಲಿ ಗಟ್ಟಿಗ. ಒಂದು ವರ್ಷದ ಕೆಳಗೆ ಹಂಚಿಕಡ್ಡಿಯಂತಿದ್ದವನ ತೋಳು ಈಗ ಅಂಗಿಯ ಹೊಲಿಗೆ ಬಿಚ್ಚುವಂತಿದ್ದಿತು. ನಾನು ಬೆನ್ನು ತಟ್ಟಿದೆ. ಅವನು ದನಿ ತಗ್ಗಿಸಿ, “ಬರೀ ಮುದ್ದೆಯಿಂದ ಬಂದದ್ದಲ್ಲ ಸಾರ್, ಇಂಜೆಕ್ಷನ್ ತಗೊಂಡೆ” ಎಂದ. ಟೆಸ್ಟೋಸ್ಟೆರಾನ್ ಎಂಬ ಗಂಡುಹಾರ್ಮೋನು. ಮುಂದಿನ ತಿಂಗಳು ತಂಡದ ಆಯ್ಕೆಯಂತೆ. “ನಮ್ಮ ಪಂದ್ಯಕ್ಕೆ ಯಾರು ಬಂದು ಪರೀಕ್ಷೆ ಮಾಡ್ತಾರೆ? ಮೈ ನಂದು, ದುಡ್ಡೂ ನಂದು. ತಪ್ಪೇನು ಸಾರ್?”

ನಾನಿಳಿಯುವ ಸ್ಥಳ ಬಂದಿತು. ಉತ್ತರ ಮಾತ್ರ ಬರಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಮೈ ನನ್ನದೆಂಬ ಮಾತು ಪೂರ್ತಿ ನಿಜವಲ್ಲ. ಈ ಹಾರ್ಮೋನನ್ನು ಕೃತಕವಾಗಿ ತಯಾರಿಸಿದ್ದು 1935ರಲ್ಲಿ. ಅದು ಹೊರಗಿನಿಂದ ಬಂದು ರಕ್ತದಲ್ಲಿ ತುಂಬಿತೆಂದರೆ, ಮಿದುಳು ವೃಷಣಗಳಿಗೆ ಅಪ್ಪಣೆ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಕೆಲಸವಿಲ್ಲದ ಗ್ರಂಥಿ ಕುಗ್ಗುತ್ತದೆ. ಕೂಲಿಯಾಳು ಬಂದನೆಂದು ಮನೆಯ ಮಗ ಮಲಗಿಬಿಟ್ಟ ಹಾಗೆ.

ಅದನ್ನು ಹಿಡಿಯುವ ಪರೀಕ್ಷೆಯ ಸ್ವಾರಸ್ಯವನ್ನೂ ನೋಡಿ. ಮೂತ್ರದಲ್ಲಿ ಟೆಸ್ಟೋಸ್ಟೆರಾನು ತನ್ನ ಜೊತೆಗಾರ ಎಪಿಟೆಸ್ಟೋಸ್ಟೆರಾನಿನ 4 ಪಟ್ಟನ್ನು ಮೀರಿದರೆ ಸಂಶಯ ಬರುತ್ತದೆ. ಸಂಶಯ ತೀರಿಸಲು ಅದರೊಳಗಿನ ಇಂಗಾಲವನ್ನೇ ತೂಗುತ್ತಾರೆ. ಕಾರ್ಖಾನೆಯ ಹಾರ್ಮೋನಿಗೆ ಮೂಲವಸ್ತು ಸಾಮಾನ್ಯವಾಗಿ ಸೋಯಾದಂಥ ಗಿಡ. ಅದರಲ್ಲಿ ಭಾರದ ಇಂಗಾಲ ಕಡಿಮೆ. ರಾಗಿ, ಕಬ್ಬುಗಳು ಗಾಳಿಯಿಂದ ಇಂಗಾಲವನ್ನು ಹೀರುವ ರೀತಿಯೇ ಬೇರೆ. ಅವುಗಳಲ್ಲಿ ಭಾರದ ಇಂಗಾಲ ಹೆಚ್ಚು. ಉಂಡದ್ದರ ಗುರುತು ಮೈ ತಾನೇ ಮಾಡಿಕೊಂಡ ಹಾರ್ಮೋನಿನಲ್ಲಿ ಉಳಿದಿರುತ್ತದೆ. ನಾಗಮಂಗಲದ ರಾಗಿಯೂ ಪಾಂಡವಪುರದ ಬೆಲ್ಲವೂ ಪ್ರಯೋಗಶಾಲೆಯಲ್ಲಿ ಸಾಕ್ಷಿ ನುಡಿಯುತ್ತವೆ!

ಆದರೆ ಪರೀಕ್ಷೆ ವಸ್ತುವನ್ನು ಹಿಡಿದೀತು; ತಪ್ಪನ್ನು ಹಿಡಿದೀತೆ? ನಮ್ಮ ಕರಾವಳಿಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಎರಡು ಚಿನ್ನ ಗೆದ್ದರು. ಮರುವರ್ಷವೇ ಪರೀಕ್ಷೆಯಲ್ಲಿ ನಿಷಿದ್ಧ ಸ್ಟೀರಾಯ್ಡ್ ಕಂಡಿತು. ತರಬೇತುದಾರರು ಕೊಟ್ಟ ಜಿನ್ಸೆಂಗ್‌ನಲ್ಲಿ ಬೆರಕೆಯಿದ್ದಿತೆಂಬುದು ಅವರ ವಾದ. ಮೊದಲು ಒಂದು ವರ್ಷದ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೇರಿಸಿತು. ಮೈಯೊಳಗೆ ಸಿಕ್ಕಿದ್ದಕ್ಕೆ ಆ ಮೈಯವರೇ ಹೊಣೆ ಎಂಬುದು ನಿಯಮ. ಆಸ್ಟ್ರೇಲಿಯದ ರಗ್ಬಿ ಲೀಗಿನ ಕ್ರೊನಲ್ಲ ತಂಡದ ಹುಡುಗರೂ, 2011ರಲ್ಲಿ ತಮಗೆ ಕೊಟ್ಟ ಪೆಪ್ಟೈಡುಗಳಿಗಾಗಿ 2014ರಲ್ಲಿ ನಿಷೇಧವನ್ನು ಒಪ್ಪಿಕೊಂಡರು.

ನಿಯಮ ಕಠಿಣ, ಆದರೆ ಅದಿಲ್ಲದಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎನ್ನದವರು ಯಾರಿದ್ದಾರು? ನನ್ನನ್ನು ಕಾಡುವುದು ಬೇರೆ. ಅಶ್ವಿನಿಯವರ ತರಬೇತುದಾರರನ್ನು ಕೆಲಸದಿಂದ ತೆಗೆದುಹಾಕಿದರು, ನಿಜ. ಆದರೂ ಜನ ನೆನಪಿನಲ್ಲಿಟ್ಟುಕೊಂಡದ್ದು ಓಡಿದವಳ ಹೆಸರನ್ನು. ಕೊಡುವ ಕೈಗೆ ಯಾವ ಪರೀಕ್ಷೆ? ಆ ಕೈ ಎಷ್ಟೋ ಸಲ ಪ್ರೀತಿಯದೇ ಆಗಿರುತ್ತದೆ.

ಇದನ್ನು ಹೇಳಲು ನನಗೆ ಅಧಿಕಾರವಿದೆ. ಹತ್ತು ವರ್ಷದ ಕೆಳಗೆ ನನ್ನ ಮಗಳು ಕೆ.ಆರ್. ಪೇಟೆಯಲ್ಲಿ ಭಾಷಣಸ್ಪರ್ಧೆಗೆ ಹೋದಳು. ಭಾಷಣವನ್ನು ನಾನೇ ಬರೆದು ಬಾಯಿಪಾಠ ಮಾಡಿಸಿದ್ದೆ. ಮೊದಲ ಬಹುಮಾನ ಬಂದಿತು. ತಡವರಿಸುತ್ತ ತನ್ನದೇ ಮಾತನ್ನಾಡಿದ ಹುಡುಗಿಯೊಬ್ಬಳು ಎರಡನೆಯವಳಾದಳು. ಮಗಳು ಬಹುಮಾನದ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟಳು. ನಿನ್ನ ಪುಸ್ತಕದ ಬೀರುವಿನಲ್ಲಿಡಬಾರದೆ ಎಂದೆ. “ಅದು ನಿಮ್ಮದಲ್ವಾ ಅಪ್ಪಾ?” ಎಂದಳು. ಆ ಹುಡುಗಿಯ ಬಹುಮಾನವನ್ನಷ್ಟೇ ಅಲ್ಲ, ನನ್ನ ಮಗಳ ಗೆಲವನ್ನೂ ನಾನೇ ಕಸಿದುಕೊಂಡಿದ್ದೆ. ಅವಳು ಸೋತು ಬಂದಿದ್ದರೆ ಆ ಸೋಲಾದರೂ ಅವಳದಾಗಿರುತ್ತಿತ್ತು.

ಶಿಷ್ಯನಿಗೆ ಫೋನು ಮಾಡಿ, ಉಪದೇಶ ಹೇಳದೆ, ಈ ಕಥೆಯನ್ನಷ್ಟೇ ಹೇಳಿದೆ. “ಎದುರಾಳಿಯನ್ನು ಕೆಡವಿದ್ದು ನೀನೋ ಸೂಜಿಯೋ ಎಂದು ನಿನಗೇ ಗೊತ್ತಾಗದಿದ್ದರೆ, ಆಡುವುದೇಕಪ್ಪಾ?” ಎಂದು ಕೇಳಿದೆ.

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. “ನಿಲ್ಸಿದ್ರೆ ಆಯ್ಕೆ ಆಗೋದು ಕಷ್ಟ ಸಾರ್” ಎಂದ ಕೊನೆಗೆ. ಕಷ್ಟವೆಂಬುದು ನನಗೂ ಗೊತ್ತು. ಬಟ್ಟಲು ಇನ್ನೂ ನನ್ನ ಮೇಜಿನ ಮೇಲಿದೆ.