ಯುದ್ಧದ ಆಟ ಆಡುವುದು ತಪ್ಪೇ?



ದೀಪಾವಳಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಓಣಿಗಳಲ್ಲಿ ಮಕ್ಕಳು ಕಿಲ್ಲಾ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಮಹಾರಾಷ್ಟ್ರದಲ್ಲಿ ಬಹುಕಾಲದಿಂದ ಬಂದ ಈ ರೂಢಿ ನಮ್ಮ ಕನ್ನಡ ಮನೆಗಳ ಅಂಗಳದಲ್ಲಿಯೂ ನೆಲೆಸಿದೆ. ಕಲ್ಲು, ಇಟ್ಟಂಗಿ ಚೂರುಗಳನ್ನು ಒಟ್ಟಿ, ಮೇಲೆ ಹಳೆಯ ಗೋಣಿತಟ್ಟು ಹೊದಿಸಿ, ಕೆಸರು ಬಳಿದು, ಬುರುಜು ಬಾಗಿಲು ಮಾಡಿ, ಸಾಸಿವೆ ಕಾಳು ಚೆಲ್ಲಿ ಹಸಿರು ಬರಿಸುತ್ತಾರೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು. ಕೆಳಗೆ ಮೆಟ್ಟಿಲು ಮೆಟ್ಟಿಲಿಗೂ ಪೇಟೆಯಿಂದ ತಂದ ಮಣ್ಣಿನ ಮಾವಳೆ ಸಿಪಾಯಿಗಳು.

ಒಂದು ದೀಪಾವಳಿಯಲ್ಲಿ ನನ್ನ ಮೊಮ್ಮಗನೂ ಅಂಗಳದಲ್ಲಿ ಕಿಲ್ಲಾ ಕಟ್ಟಿದ್ದ. ಹಬ್ಬ ಮುಗಿದ ಮೇಲೆ ಓಣಿಯ ಹುಡುಗರು ಎರಡು ಪಾಳಿ ಮಾಡಿಕೊಂಡು, ಸಣ್ಣ ಹರಳು ಎಸೆದು ಎದುರಿನವರ ಸಿಪಾಯಿಗಳನ್ನು ಬೀಳಿಸುವ ಆಟ ಹೂಡಿದರು. ಅಂದು ನಾನು ತಾಲೂಕಿನ ಕೋರ್ಟಿನಿಂದ ಸಂಜೆ ಮನೆಗೆ ಬಂದೆ. ಕಾಕಾನ ಮಗನ ಮೇಲೆ ಹೊಲದ ಒಡ್ಡಿನ ಬಗ್ಗೆ ಹನ್ನೊಂದು ವರ್ಷದಿಂದ ನಡೆದ ಖಟ್ಲೆ. ಆ ದಿನವೂ ತಾರೀಖು ಮುಂದಕ್ಕೆ ಹೋಗಿತ್ತು. ಬಂದು ನೋಡುತ್ತೇನೆ, ಮೊಮ್ಮಗ ರುಂಡ ಹಾರಿದ ಒಂದು ಸಿಪಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಅಳುತ್ತ ಕೂತಿದ್ದಾನೆ.

"ಅಳಬ್ಯಾಡೋ, ಮಣ್ಣಿನ ಗೊಂಬಿ ಅದು. ನಾಳೆ ಸಂತ್ಯಾಗ ಹೊಸಾದು ಕೊಡಸ್ತೀನಿ" ಎಂದೆ.

"ಹೊಸಾದು ಬರ್ತದ ಮುತ್ಯಾ. ಇವ ಬರೂದಿಲ್ಲಲ್ಲ" ಎಂದ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಇದನ್ನು ಕೇಳಿ, "ಕೂಸುಗಳ ಕೈಯಾಗ ಕತ್ತಿ ಹಿಡದ ಗೊಂಬಿ ಯಾಕ ಕೊಡ್ತೀರಿ? ಆಟದಾಗೂ ಹೊಡಿ ಬಡಿ ಅಂದ್ರ ಮುಂದ ಏನ ಕಲೀತಾವ?" ಎಂದರು. ಅವರ ಮಾತನ್ನು ನಗೆಯಲ್ಲಿ ತೇಲಿಸುವಂತಿರಲಿಲ್ಲ. ಜೀವಹಿಂಸೆಯನ್ನು ಪಾಪವೆನ್ನುವ ನಾವು ಕೊಲ್ಲುವ ಆಟವನ್ನು ಅಂಗಳದಲ್ಲಿ ಕೂಡಿಸಬಹುದೇ? ಈ ಪ್ರಶ್ನೆಯನ್ನು ಹಿಡಿದು ಕೆಲವು ಪುಸ್ತಕಗಳನ್ನು ನೋಡಿದಾಗ ತಿಳಿದುಬಂದುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಈ ಆಟ ಮಕ್ಕಳದಷ್ಟೇ ಅಲ್ಲ. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಗಡ್ಡ ಮೀಸೆ ನರೆತವರೂ ಇದನ್ನು ಆಡುತ್ತಾರೆ. ಊಟದ ಮೇಜಿನಷ್ಟು ದೊಡ್ಡ ಹಲಗೆಯ ಮೇಲೆ ಗುಡ್ಡ, ಹೊಳೆ, ತೋಪು, ಹಳ್ಳಿಗಳನ್ನು ಚಿಕ್ಕದಾಗಿ ಕಟ್ಟುತ್ತಾರೆ. ತವರದ ಅಥವಾ ಪ್ಲಾಸ್ಟಿಕ್ಕಿನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಇಷ್ಟಿಷ್ಟು ಅಂಗುಲ ನಡೆಸುತ್ತಾರೆ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನೋಡುತ್ತಾರೆ. ದಾಳವಿದ್ದರೂ ಇದು ಜೂಜಲ್ಲ, ಪಣ ಇಡುವುದಿಲ್ಲ. ಆಡುವುದಕ್ಕಿಂತ ಹೆಚ್ಚು ಹೊತ್ತು ಗೊಂಬೆಗಳನ್ನು ತಯಾರಿಸುವುದರಲ್ಲಿಯೇ ಹೋಗುತ್ತದೆ. ವಿಮಾನ, ಹಡಗುಗಳ ಬಿಡಿ ಭಾಗಗಳನ್ನು ಅಂಟಿಸಿ ಮಾದರಿ ಕಟ್ಟುವುದೂ ಇದರ ಜೊತೆಗೇ ಬೆಳೆದ ಹವ್ಯಾಸ. ಇಂಥ ಮಾದರಿಗಳಿಗೆ 72ಕ್ಕೆ 1 ಎಂಬ ಅಳತೆ ಬಹಳ ರೂಢಿಯಲ್ಲಿದೆ. ಅಂದರೆ ಆರು ಅಡಿಯ ಆಳು ಒಂದು ಅಂಗುಲದ ಗೊಂಬೆಯಾಗುತ್ತಾನೆ. ಆ ಒಂದು ಅಂಗುಲದಲ್ಲಿ ಕಣ್ಣು, ಗುಂಡಿ, ಸೊಂಟದ ಪಟ್ಟಿ ಎಲ್ಲಕ್ಕೂ ಬಣ್ಣ ಹಚ್ಚಬೇಕು.

ಈ ಆಟವನ್ನು ಮನೆಮಂದಿಯ ಆಟವಾಗಿ ಹೆಸರಿಗೆ ತಂದವರಲ್ಲಿ ಮುಖ್ಯರು ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದಲ್ಲಿ ಅವರು ಇದರ ನಿಯಮಗಳನ್ನು ಬರೆದರು. ಕಾಲಾಳು ಒಂದು ಸಲಕ್ಕೆ ಒಂದು ಅಡಿ ನಡೆಯಬೇಕು, ಕುದುರೆ ಸವಾರ ಎರಡು ಅಡಿ. ಸ್ಪ್ರಿಂಗಿನ ಪುಟ್ಟ ತೋಪಿನಿಂದ ಕಟ್ಟಿಗೆಯ ಚೂರು ಹಾರಿಸಿ ಎದುರಾಳಿಯ ಸೀಸದ ಸಿಪಾಯಿಗಳನ್ನು ಬೀಳಿಸಬೇಕು. ನಮ್ಮ ಓಣಿಯ ಹುಡುಗರ ಹರಳಿಗೂ ಆ ಕಟ್ಟಿಗೆ ಚೂರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಪುಸ್ತಕದ ಕೊನೆಗೆ ವೆಲ್ಸರು ಹೇಳಿದ್ದು ಗಮನಿಸತಕ್ಕದ್ದು. ಈ ಸಣ್ಣ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ, ಇಷ್ಟರಲ್ಲೇ ಇಷ್ಟು ತಪ್ಪು ಆಗುವುದಾದರೆ ನಿಜವಾದ ಮಹಾಯುದ್ಧ ಇನ್ನೆಷ್ಟು ಗೊಂದಲದ್ದು ಎಂಬುದು ತಾನಾಗಿ ತಿಳಿಯುತ್ತದೆ ಎಂಬುದು ಅವರ ಮಾತಿನ ಸಾರ. ಯುದ್ಧದ ಹುಚ್ಚು ಇದ್ದವರನ್ನೆಲ್ಲ ಒಂದು ಕೋಣೆಯಲ್ಲಿ ಈ ಗೊಂಬೆಗಳ ಜೊತೆ ಕೂಡಿಸಿಬಿಟ್ಟರೆ ಲೋಕಕ್ಕೆ ಕ್ಷೇಮ ಎಂಬುದು ಅವರ ಆಸೆ.

ಆದರೆ ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಆಗ ವೆಲ್ಸರು ತಮ್ಮ ದೇಶದ ಯುದ್ಧವನ್ನು ಬೆಂಬಲಿಸಿ, ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ಬರೆದರು. ಅದು ಯುದ್ಧಗಳನ್ನು ಕೊನೆಗಾಣಿಸಲಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆಟ ಆಡಿದ ಮಾತ್ರಕ್ಕೆ ಮನುಷ್ಯ ಕೆಡುವುದಿಲ್ಲ ಎನ್ನುವವರು ಇದನ್ನೂ ನೆನಪಿಡಬೇಕು: ಆಟ ಆಡಿದ ಮಾತ್ರಕ್ಕೆ ಮನುಷ್ಯ ಸುಧಾರಿಸುವುದೂ ಇಲ್ಲ.

ಈ ಆಟಕ್ಕೆ ಇನ್ನೊಂದು ಮುಖವಿದೆ. ಅದು ವೆಲ್ಸರಿಗಿಂತ ಹಳೆಯದು. ಜರ್ಮನಿಯ ಪ್ರಷ್ಯ ರಾಜ್ಯದಲ್ಲಿ 1812ರಲ್ಲಿ ರೈಸ್ವಿಟ್ಸ್ ಎಂಬವರು ಅಲ್ಲಿಯ ಅರಸನಿಗೆ ಯುದ್ಧದ ಆಟದ ಒಂದು ಮೇಜನ್ನು ಮಾಡಿಸಿಕೊಟ್ಟರು. 1824ರಲ್ಲಿ ಸೈನ್ಯದ ತೋಪಿನ ದಳದಲ್ಲಿದ್ದ ಅವರ ಮಗ ಅದನ್ನು ನಕ್ಷೆಯ ಮೇಲೆ ಆಡುವಂತೆ ತಿದ್ದಿ ನಿಯಮಗಳನ್ನು ಅಚ್ಚು ಹಾಕಿಸಿದರು. ಒಂದು ಕಡೆ ಕೆಂಪು ತುಂಡುಗಳು, ಇನ್ನೊಂದು ಕಡೆ ನೀಲಿ ತುಂಡುಗಳು. ನಡುವೆ ತೀರ್ಪು ಹೇಳಲು ಒಬ್ಬ ಪಂಚ. ಸೇನಾ ಮುಖ್ಯಸ್ಥರು ಇದನ್ನು ನೋಡಿ, ಇದು ಆಟವಲ್ಲ, ಯುದ್ಧದ ಶಿಕ್ಷಣವೆಂದು ಮೆಚ್ಚಿ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದರು. 1866ರಲ್ಲಿ ಆಸ್ಟ್ರಿಯವನ್ನೂ 1870-71ರಲ್ಲಿ ಫ್ರಾನ್ಸನ್ನೂ ಪ್ರಷ್ಯ ಸೋಲಿಸಿದ ಮೇಲೆ ಬೇರೆ ದೇಶಗಳ ಸೈನ್ಯಗಳೂ ಇದನ್ನು ಕಲಿತವು.

ವೆಲ್ಸರ ಮನೆಯ ಆಟವೂ ಪ್ರಷ್ಯದ ಆಟವೂ ಹೊರಗಿನಿಂದ ನೋಡಿದರೆ ಒಂದೇ. ಒಳಗೆ ಮಾತ್ರ ಅಜಗಜಾಂತರ. ವೆಲ್ಸರ ಮನೆಯಲ್ಲಿ ಗೊಂಬೆ ಬಿದ್ದರೆ ಎತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಸೈನ್ಯದ ಮೇಜಿನ ಮೇಲೆ ಒಂದು ತುಂಡು ಸರಿದರೆ ನಾಳೆ ಎಲ್ಲಿಯೋ ಸಾವಿರ ಜನ ಸರಿಯಬೇಕು.

ಇದಕ್ಕೆ ಒಂದು ದೃಷ್ಟಾಂತ ಸಾಕು. ಎರಡನೆಯ ಮಹಾಯುದ್ಧದಲ್ಲಿ, 1942ರ ಮೇ ತಿಂಗಳಲ್ಲಿ, ಜಪಾನಿನ ನೌಕಾಧಿಕಾರಿಗಳು ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡುವ ಮೊದಲು ಯಮಾಟೊ ಎಂಬ ಹಡಗಿನಲ್ಲಿ ಕೂತು ಆ ಯುದ್ಧವನ್ನು ಮೇಜಿನ ಮೇಲೆ ಆಡಿ ನೋಡಿದರು. ಜಪಾನೀ ಅಧಿಕಾರಿಗಳೇ ಮುಂದೆ ಬರೆದಿಟ್ಟಂತೆ, ಆ ಆಟದಲ್ಲಿ ಅಮೆರಿಕದ ವಿಮಾನಗಳ ಒಂಬತ್ತು ಪೆಟ್ಟು ತಾಗಿ ಜಪಾನಿನ ಎರಡು ವಿಮಾನವಾಹಕ ಹಡಗುಗಳು, ಅಕಾಗಿ ಮತ್ತು ಕಾಗಾ, ಮುಳುಗಿದವೆಂದು ತೀರ್ಪಾಯಿತು. ಆಟದ ಮುಖ್ಯ ಪಂಚನಾಗಿದ್ದ ಹಿರಿಯ ಅಧಿಕಾರಿ ಇದನ್ನು ಒಪ್ಪಲಿಲ್ಲ. ಒಂಬತ್ತು ಪೆಟ್ಟನ್ನು ಮೂರಕ್ಕೆ ಇಳಿಸಿ, ಕಾಗಾ ಒಂದೇ ಮುಳುಗಿತು ಎಂದರು. ಅದೂ ಸಾಲದೆ, ಮುಳುಗಿದ ಕಾಗಾ ಮುಂದಿನ ಹಂತದ ಆಟದಲ್ಲಿ ಮತ್ತೆ ತೇಲುತ್ತಿತ್ತು. ಜೂನ್ ಮೊದಲ ವಾರದಲ್ಲಿ ನಿಜವಾದ ಕಾಳಗ ನಡೆದಾಗ ಜಪಾನು ಎರಡಲ್ಲ, ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು. ಸುಮಾರು 3000 ಜಪಾನೀಯರು ಸತ್ತರು. ಅವರಲ್ಲಿ 800ಕ್ಕೂ ಹೆಚ್ಚು ಜನ ಕಾಗಾ ಹಡಗಿನವರು. ಸಮುದ್ರದಲ್ಲಿ ಮುಳುಗಿದ ಕಾಗಾ ಮತ್ತೆ ತೇಲಲಿಲ್ಲ.

ಅಡತಿ ಅಂಗಡಿ ನಡೆಸುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೀರ್ದಿ ಪುಸ್ತಕದಲ್ಲಿ ನಷ್ಟವನ್ನು ತಿದ್ದಿ ಲಾಭ ಎಂದು ಬರೆದುಕೊಂಡರೆ ಯಾರಿಗೆ ಮೋಸವಾದಂತಾಯಿತು? ಆಟದ ಮೇಜು ನಿಜ ಹೇಳಿತ್ತು. ಕೇಳುವ ಕಿವಿ ಇರಲಿಲ್ಲ, ಅಷ್ಟೆ.

ಹಾಗಾದರೆ ತಪ್ಪು ಎಲ್ಲಿದೆ? ಗೊಂಬೆಯ ಕೈಯ ಕತ್ತಿಯಲ್ಲಿಲ್ಲ. ಗೊಂಬೆಯನ್ನು ಗೊಂಬೆಯೆಂದು ತಿಳಿದು ಆಡುವುದು ತಪ್ಪಲ್ಲ. ಮನುಷ್ಯನನ್ನು ಗೊಂಬೆಯೆಂದು ತಿಳಿಯುವುದು ತಪ್ಪು. ಈ ಎರಡನೆಯ ತಪ್ಪು ಮಾಡುವುದಕ್ಕೆ ಮೇಜೂ ಬೇಡ, ದಾಳವೂ ಬೇಡ. ಆಟವನ್ನೇ ಆಡದವರೂ ಅದನ್ನು ಮಾಡುತ್ತಾರೆ.

ಶ್ರದ್ಧೆಯಿಂದ ಆಡುವವನಿಗೆ ಈ ಹವ್ಯಾಸ ಮೂರು ಪಾಠ ಕಲಿಸಬಲ್ಲದು. ಮೊದಲನೆಯದು, ಒಬ್ಬೊಬ್ಬನಿಗೂ ಮುಖವಿದೆ ಎಂಬುದು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಕಾಳಗದ ಮೊದಲ ದಿನವೇ ಬ್ರಿಟಿಷ್ ಸೈನ್ಯದ 19,240 ಜನ ಸತ್ತರು. ಓದಿ ಮುಂದಿನ ಸಾಲಿಗೆ ಹೋಗುವುದು ಸುಲಭ. ಆದರೆ ದಿನಕ್ಕೊಂದು ಸಿಪಾಯಿಗೆ ಬಣ್ಣ ಹಚ್ಚುವ ಹವ್ಯಾಸಿಯೊಬ್ಬ ಆ ಒಂದು ದಿನದಲ್ಲಿ ಸತ್ತವರ ಗೊಂಬೆಗಳನ್ನು ಮಾಡಹೊರಟರೆ, ಮುಗಿಸಲು 52 ವರ್ಷ ದಾಟುತ್ತದೆ. ಅಷ್ಟು ಕಣ್ಣು, ಅಷ್ಟು ಗುಂಡಿ. "ಇವ ಬರೂದಿಲ್ಲಲ್ಲ" ಎಂದ ಹುಡುಗನಿಗೆ ತಿಳಿದದ್ದು ಇದೇ.

ಎರಡನೆಯದು, ಸೋಲನ್ನು ಒಪ್ಪಿಕೊಳ್ಳುವುದು. ದಾಳ ಬಿದ್ದಂತೆ ಬಿತ್ತು. ಎದ್ದು ಎದುರಿನವನ ಕೈ ಕುಲುಕಿ, ಜೊತೆಗೆ ಚಹಾ ಕುಡಿಯಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಒಂದು ಆಟ ಮುಗಿದ ಮೇಲೆ ಪಾಳಿ ಬದಲಾಯಿಸಿ ಆಡುವುದುಂಟು. ಆಗ ನೀವು ಶತ್ರುವಿನ ಕಡೆ ಕೂತು, ಶತ್ರುವಿನ ಕಣ್ಣಿನಿಂದ ಅದೇ ಗುಡ್ಡವನ್ನೂ ಅದೇ ಹೊಳೆಯನ್ನೂ ನೋಡಬೇಕು. ನಮ್ಮ ಓಣಿಯಲ್ಲಿಯೂ ಯಾರಾದರೊಬ್ಬ ಹುಡುಗ ಎದುರು ಪಾಳಿಯವನಾಗದೆ ಆಟವೇ ಆಗುವುದಿಲ್ಲ. ಮರುದಿನ ಅವನೇ ಕಿಲ್ಲೇದಾರ.

ದುಡ್ಡು ದಂಡ, ಹೊತ್ತು ದಂಡ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಯಾವ ಹವ್ಯಾಸವೇ ಆಗಲಿ, ದುಡಿಮೆಯನ್ನೂ ಮನೆಯವರ ಅನ್ನವನ್ನೂ ತಿನ್ನತೊಡಗಿದರೆ ಅದು ಚಟ. ಮೊಬೈಲಿನಲ್ಲಿ ಹಗಲಿರುಳು ಗುಂಡು ಹಾರಿಸುವ ಆಟಕ್ಕೆ ಅಂಟಿಕೊಂಡ ಹುಡುಗನಿಗೆ ಬಿದ್ದವನ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ತನ್ನ ಕೈಯಿಂದ ಕೆಸರು ಕಲಸಿ ಕಿಲ್ಲಾ ಕಟ್ಟಿದವನಿಗೆ ಕಟ್ಟುವುದು ಎಷ್ಟು ಕಷ್ಟ, ಕೆಡಹುವುದು ಎಷ್ಟು ಹಗುರ ಎಂಬುದು ಗೊತ್ತಿರುತ್ತದೆ.

ಈಗ ನನ್ನ ವಿಷಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷದಿಂದ ನಾನು ಆಡುತ್ತ ಬಂದ ಆಟ ಯಾವುದು? ನನ್ನ ಮಕ್ಕಳನ್ನು ಸಾಕ್ಷಿಗೆ ನಿಲ್ಲಿಸಿದ್ದೆ. ಕಾಕಾನ ಮಗನ ಮನೆಯ ಮದುವೆಗೆ ಹೋಗಕೂಡದೆಂದು ಸೊಸೆಯಂದಿರಿಗೆ ತಾಕೀತು ಮಾಡಿದ್ದೆ. ಅವನ ಮಕ್ಕಳು ಎದುರಿಗೆ ಬಂದರೆ ನನ್ನ ಮಕ್ಕಳು ದಾರಿ ಬದಲಿಸುತ್ತಿದ್ದರು. ಇವರೆಲ್ಲ ನನ್ನ ಕೈಯ ತುಂಡುಗಳಾಗಿದ್ದರು. ಮಣ್ಣಿನ ಗೊಂಬೆಗೆ ಮೊಮ್ಮಗ ಕೊಟ್ಟಷ್ಟು ಬೆಲೆಯನ್ನು ಜೀವವಿದ್ದ ಮಕ್ಕಳಿಗೆ ನಾನು ಕೊಟ್ಟಿರಲಿಲ್ಲ.

ಬೆಳಿಗ್ಗೆ ಎದ್ದು ಹೊಲಕ್ಕೆ ಹೋದೆ. ನಮ್ಮ ಹೊಲದಲ್ಲಿ ನಿಲ್ಲದೆ, ಒಡ್ಡು ದಾಟಿ ಆಚೆ ಅವನ ಹೊಲದಲ್ಲಿ ನಿಂತು ಈಚೆ ನೋಡಿದೆ. ನಾವು ಏರಿಸಿದ ಒಡ್ಡಿನ ಬುಡದಿಂದ ಹಿಂಗಾರಿ ಮಳೆಯ ನೀರು ಅವನ ಹೊಲದ ಮೂಲೆಗೆ ನುಗ್ಗಿ, ಜೋಳ ಬಿತ್ತಿದ ಮಣ್ಣನ್ನು ಕೊಚ್ಚಿಕೊಂಡು ಹೋದ ಗುರುತು ಕಂಡಿತು. ಅವನು ಕೋರ್ಟಿನಲ್ಲಿ ಹೇಳುತ್ತ ಬಂದದ್ದೂ ಅದನ್ನೇ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಆ ಕಡೆ ನಿಂತು ನೋಡಿರಲಿಲ್ಲ.

ಖಟ್ಲೆ ಅಂದೇ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಹೇಳುವುದೆಲ್ಲ ಸರಿಯೆಂದೂ ನಾನು ಒಪ್ಪಿಲ್ಲ. ಆದರೆ ನೀರು ಹೋಗಲು ಒಂದು ಕೋಡಿ ಬಿಡಿಸಿದ್ದೇನೆ. ಅವನು ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ಚಹಾ ಕುಡಿದು ಹೋದ. ಮಕ್ಕಳು ಈಗ ದಾರಿ ಬದಲಿಸುವುದಿಲ್ಲ.

ಆದ್ದರಿಂದ ಬಂಧುಗಳೇ, ಮುಂದಿನ ದೀಪಾವಳಿಗೆ ನಿಮ್ಮ ಅಂಗಳದಲ್ಲಿ ಮಕ್ಕಳು ಕಿಲ್ಲಾ ಕಟ್ಟಿದರೆ ಬೈಯಬೇಡಿರಿ. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಎರಡೂ ಪಾಳಿಯಲ್ಲಿ ಆಡಲು ಹೇಳಿರಿ. ಆಮೇಲೆ ನಿಮ್ಮ ಹೊಲ, ಅಂಗಡಿ, ಮನೆಗಳಲ್ಲಿ ನೀವು ಯಾರನ್ನು ಗೊಂಬೆಯಂತೆ ಸರಿಸುತ್ತಿದ್ದೀರಿ ಎಂದು ಒಂದು ಸಲ ನೋಡಿಕೊಳ್ಳಿರಿ. ರುಂಡ ಹಾರಿದ ಆ ಸಿಪಾಯಿಯನ್ನು ಮೊಮ್ಮಗ ಅಂಟಿಸಿ ಮಾಡದಲ್ಲಿ ಇಟ್ಟಿದ್ದಾನೆ. ಕುತ್ತಿಗೆಯ ಗೆರೆ ಎದ್ದು ಕಾಣುತ್ತದೆ. ಅದು ಹಾಗೆಯೇ ಇರಲಿ ಎಂದಿದ್ದೇನೆ.