ಬೆಲೆಯೂ ಯೋಗ್ಯತೆಯೂ

ಒಂದು ಪದಾರ್ಥದ ಬೆಲೆಯು ಇಳಿದುಹೋದರೆ ಅದರ ಯೋಗ್ಯತೆಯೂ ಇಳಿಯಿತೆಂದು ಹೇಳಬಹುದೋ? ಇದನ್ನು ವಿಚಾರಿಸುವದಕ್ಕೆ ಮನೆಗಳಲ್ಲಿ ಬಾರಿಸುವ ಆರ್ಗನ್ ವಾದ್ಯದ ಚರಿತ್ರೆಯು ಒಳ್ಳೇ ದೃಷ್ಟಾಂತವಾಗಿದೆ.

19ನೆಯ ಶತಮಾನದ ಅಮೇರಿಕದಲ್ಲಿ ಅನೇಕ ಬೇಸಾಯಗಾರರ ಮನೆಗಳೊಳಗೆ, ಕಾಲಿನಿಂದ ತಿದಿಯನ್ನು ತುಳಿಯುತ್ತಾ ಬಾರಿಸುವ ಆರ್ಗನ್ ಇತ್ತು. ವರ್ಮಾಂಟ್ ಸಂಸ್ಥಾನದ ಎಸ್ಟಿ ಕಾರ್ಖಾನೆಯೊಂದೇ ಕಾಲಕ್ರಮದಲ್ಲಿ 5 ಲಕ್ಷಕ್ಕೆ ಮಿಕ್ಕ ಇಂಥ ವಾದ್ಯಗಳನ್ನು ಮಾಡಿತು. ಕೈಯಲ್ಲಿ ಹಣ ಸಾಲದವರು ಕಂತುಗಳಲ್ಲಿ ಸಲ್ಲಿಸಿ ಕೊಂಡುಕೊಂಡರು. ಮಕ್ಕಳು ಕಷ್ಟಪಟ್ಟು ಕಲಿತರು; ಮನೆಯವರು ಅದರ ಸುತ್ತಲೂ ನಿಂತು ಕೀರ್ತನೆಗಳನ್ನು ಹಾಡಿದರು.

1935ರಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬವನು ತಿದಿಯೂ ಕೊಳವೆಯೂ ಇಲ್ಲದೆ, ವಿದ್ಯುತ್ತಿನಿಂದ ತಿರುಗುವ ಲೋಹದ ಚಕ್ರಗಳ ಮೂಲಕ ಸ್ವರ ಹುಟ್ಟಿಸುವ ಆರ್ಗನನ್ನು ಮಾರಾಟಕ್ಕೆ ತಂದನು. 1950ರಲ್ಲಿ ಅವನ ಕಂಪೆನಿಯು, ಒಂದು ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಸ್ವರಮೇಳವೆಲ್ಲಾ ಹೊರಡುವ ವಾದ್ಯವನ್ನು ಮಾಡಿತು. ತರುವಾಯ ತಾಳವನ್ನು ಸಹ ಯಂತ್ರವೇ ಹಾಕತೊಡಗಿತು. ಶ್ರಮವಿಲ್ಲದೆ ಬಾರಿಸಬಹುದೆಂಬದೇ ವರ್ತಕರ ಮುಖ್ಯವಾದ ಮಾತಾಯಿತು.

ಆದರೆ ಸುಲಭವನ್ನು ಮಾರುವವನಿಗೆ ಅದಕ್ಕಿಂತ ಸುಲಭವಾದದ್ದನ್ನು ಮಾರುವವನು ಎದುರಾಗದೆ ಇರುವನೋ? 1980ರಲ್ಲಿ ಜಪಾನಿನ ಕ್ಯಾಸಿಯೊ ಕಂಪೆನಿಯು ಮೇಜಿನ ಮೇಲೆ ಇಡತಕ್ಕ ಕೀಬೋರ್ಡನ್ನು ಹೊರತಂದಿತು. ಇಂಥವುಗಳು ವರುಷ ವರುಷಕ್ಕೂ ಅಗ್ಗವಾಗಿ ಎಲ್ಲೆಲ್ಲಿಯೂ ಹಬ್ಬಲು, ದೊಡ್ಡ ಆರ್ಗನುಗಳ ವ್ಯಾಪಾರವು ಕುಸಿಯಿತು. ಒಂದು ಕಾಲದಲ್ಲಿ ಮನೆಗೆ ಶೃಂಗಾರವಾಗಿದ್ದ ಆ ಭಾರವಾದ ಪೆಟ್ಟಿಗೆಯನ್ನು ಈಗ ಅಲ್ಲಿ ಧರ್ಮಕ್ಕೆ ಕೊಡುತ್ತೇವೆಂದರೂ, ಹೊತ್ತುಕೊಂಡು ಹೋಗುವವರು ದೊರೆಯುವದು ಕಷ್ಟ.

ಹಾಗಾದರೆ ಅಗ್ಗವಾದದ್ದನ್ನು ನಾವು ತಿರಸ್ಕರಿಸಬೇಕೋ? ಎಂದಿಗೂ ಇಲ್ಲ. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಕೈಯಿಂದ ತಿದಿಯೊತ್ತುವ ಹಾರ್ಮೋನಿಯಮನ್ನು ರೂಪಿಸಿದ ಮೇಲೆ ಅಲ್ಲವೋ, ನೆಲದ ಮೇಲೆ ಕುಳಿತು ಹಾಡುವ ನಮ್ಮ ಜನರಿಗೆ ಅದು ಒಗ್ಗಿ, ಹಳ್ಳಿಗಳಿಗೂ ಬಂತು? ಕ್ರಯವು ಹೆಚ್ಚಾಗಿದ್ದಾಗ ಬಡವನ ಮಗುವು ಬಾಗಲ ಹೊರಗೆ ನಿಂತು ಕೇಳುತ್ತಿತ್ತು. ಆ ಮಗುವಿನ ಬೆರಳುಗಳಿಗೆ ಇಂದು ಕೀಬೋರ್ಡು ಎಟಕುವದಾದರೆ ಅದು ಸಂತೋಷದ ಸಂಗತಿಯೇ.

ಆದರೂ ಬೆಲೆ ಬೇರೆ, ಯೋಗ್ಯತೆ ಬೇರೆ ಎಂಬದನ್ನು ನಾವು ಮರೆಯಬಾರದು. ಬೆಲೆಯನ್ನು ಪೇಟೆಯು ಕಟ್ಟುತ್ತದೆ. ಪೇಟೆಯೇ ಅದನ್ನು ತೆಗೆದುಬಿಡುತ್ತದೆ. ಕಲಿತವನ ಬೆರಳುಗಳಲ್ಲಿರುವದನ್ನು ಪೇಟೆಯು ಕೊಡಲಿಲ್ಲ, ಆದಕಾರಣ ತೆಗೆಯಲಾರದು. ಹಳೇ ಆರ್ಗನಿನ ಮೇಲೆ ಕಲಿತವನು ಹೊಸ ಕೀಬೋರ್ಡನ್ನೂ ಬಾರಿಸಾನು. ಗುಂಡಿಯನ್ನೇ ನಂಬಿದವನಿಗಾದರೋ, ಗುಂಡಿ ಕೆಟ್ಟ ದಿನ ಉಳಿಯುವದೇನು?

ಸಭೆಗೆ ಹೊಸ ವಾದ್ಯವನ್ನು ಕೊಳ್ಳುವಾಗ ಕ್ರಯವೆಷ್ಟೆಂದು ನಾವು ಕೇಳುತ್ತೇವೆ. ನಮ್ಮಲ್ಲಿ ಯಾರು ಕುಳಿತು ಕಲಿಯುವರೆಂದು ಮೊದಲು ಕೇಳೋಣ. ಆರಾಧನೆಯ ನಡುವೆ ಕರೆಂಟು ಹೋದರೆ ಯಂತ್ರವು ಸುಮ್ಮನಾಗುವದು. ರಾಗವನ್ನು ಕಲಿತ ಸಭೆಯು ಹಾಡುತ್ತಲೇ ಇರುವದು.