ಹಳೆಯ ಬಳ್ಳಿಯ ಪರವಾಗಿ

ಒಡೆಯಾ, ಒಂದು ಬಳ್ಳಿಯ ಪರವಾಗಿ ನಿನ್ನ ಮುಂದೆ ನಿಂತಿದ್ದೇನೆ. ಅದಕ್ಕೆ ಮಾತಿಲ್ಲ. ನನ್ನ ಮಾತಿಗೂ ಅಂಥ ಬಲವಿಲ್ಲ. ಆದರೂ ಕೇಳು.

ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯನ್ನು ನೀನು ಬಲ್ಲೆ. ಪೆರಮಾಂಕ್, ಙಾಜುರಿ, ಕೌರ್ನ ಜನರ ನೆಲವದು. 1840ರ ದಶಕದಲ್ಲಿ ಸೈಲೀಸಿಯಾದ ಲೂಥರನ್ ಕುಟುಂಬಗಳು ಅಲ್ಲಿಗೆ ಬಂದವು. ತಮಗೆ ಒಪ್ಪಿದಂತೆ ನಿನ್ನನ್ನು ಪ್ರಾರ್ಥಿಸಲು ಜಾಗ ಹುಡುಕಿ ಹೊರಟವರು ಅವರು. ಆ ಕಾಲದಲ್ಲೇ, 1848ರಲ್ಲಿ, ನೆಲಕ್ಕಿಳಿದ ಗ್ರೆನಾಶ್ ಎಂಬ ವೈನ್ ದ್ರಾಕ್ಷಿಯ ಬಳ್ಳಿಗಳು ಸಿರಿಲ್ಲೊ ಕುಟುಂಬದ ತೋಟದಲ್ಲಿ ಇಂದಿಗೂ ಗೊನೆ ಬಿಡುತ್ತಿವೆ. ನೆಟ್ಟ ಕೈಗಳು ಎಂದೋ ಮಣ್ಣು ಸೇರಿದವು. ಬಳ್ಳಿ ಮಾತ್ರ ಪ್ರತಿ ವಸಂತದಲ್ಲೂ ಚಿಗುರುತ್ತದೆ. ಇದನ್ನು ಉಳಿಸಿಕೊಟ್ಟ ನಿನಗೆ ಶರಣು.

ವಿಜಯಪುರದ ಕಡೆ ಹಂದರದ ಮೇಲೆ ಹಬ್ಬುವ ದ್ರಾಕ್ಷಿಯನ್ನೇ ನೋಡಿದ ನಮ್ಮ ಕಣ್ಣಿಗೆ ಇದು ಬಳ್ಳಿ ಅನ್ನಿಸುವುದೇ ಇಲ್ಲ. ಹಂದರವಿಲ್ಲ, ತಂತಿಯಿಲ್ಲ. ಕುಳ್ಳಗೆ, ಗಂಟುಗಂಟಾಗಿ, ತನ್ನ ಕಾಂಡದ ಮೇಲೆ ತಾನೇ ನಿಂತಿರುತ್ತದೆ. ಅದರ ಕಟ್ಟಿಗೆ ಗಟ್ಟಿ, ಬಿರುಗಾಳಿಗೆ ಬಗ್ಗುವುದಿಲ್ಲ. ಬಿಸಿಲನ್ನು ಬೇಡಿ ಪಡೆಯುವ ಜಾತಿ ಅದು. ಬೇಗ ಚಿಗುರಿ, ತಡವಾಗಿ ಹಣ್ಣಾಗುತ್ತದೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಒಣಗಿದಾಗ ಆಳದ ಬೇರು ತೇವವನ್ನು ಹುಡುಕಿಕೊಳ್ಳುತ್ತದೆ. ಆ ಹುಡುಕಾಟ ಯಾರಿಗೂ ಕಾಣಿಸದು. ನಿನಗೆ ಕಾಣಿಸುತ್ತದೆ.

ಒಡೆಯಾ, ಅದರ ಬೇರನ್ನು ಕಾಯ್ದೆಯಲ್ಲ, ಅದಕ್ಕೂ ನಮಸ್ಕಾರ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೇರು ಹೀರಿ ಒಣಗಿಸಿತು. ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಯುರೋಪು ತನ್ನ ಬಳ್ಳಿಗಳನ್ನು ಮತ್ತೆ ಬೆಳೆಸಬೇಕಾಯಿತು. ದಕ್ಷಿಣ ಆಸ್ಟ್ರೇಲಿಯಾದವರು 1899ರಲ್ಲೇ ಕಾನೂನು ಮಾಡಿ ಗಡಿ ಕಾದರು. ಹೇನು ಒಳಗೆ ಬರಲಿಲ್ಲ. ಹಾಗಾಗಿ ಆ ಮುದಿ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೆಯೇ ನಿಂತಿವೆ.

ಈಗ ರುಚಿಯ ಮಾತು. ಇದನ್ನು ನಿನ್ನ ಮುಂದೆ ಆಡಲು ನನಗೆ ಸಂಕೋಚವಿಲ್ಲ. ನಾಲಿಗೆಯನ್ನು ಕೊಟ್ಟವನು ನೀನೇ.

ಈ ಬಳ್ಳಿಯ ವೈನನ್ನು ಲೋಟಕ್ಕೆ ಬಗ್ಗಿಸಿದಾಗ ಅದರ ಬಣ್ಣ ತಿಳಿಯಾಗಿರುತ್ತದೆ. ಗ್ರೆನಾಶ್‌ನ ಸಿಪ್ಪೆ ತೆಳು. ಬೆಳಕಿಗೆ ಹಿಡಿದರೆ ಮಾಣಿಕ್ಯದಂತೆ ಆಚೆಗಿನದೂ ಕಾಣುತ್ತದೆ. ಇಷ್ಟು ತಿಳಿ ಬಣ್ಣದಲ್ಲಿ ಏನಿದ್ದೀತು ಎಂದು ಮನಸ್ಸು ಸಣ್ಣದಾಗಿ ಯೋಚಿಸುತ್ತದೆ. ಆಮೇಲೆ ಪರಿಮಳ ಏಳುತ್ತದೆ. ಮೊದಲು ಹಣ್ಣಾದ ಸ್ಟ್ರಾಬೆರಿ, ರಾಸ್ಪ್‌ಬೆರಿ. ಅದರ ಬೆನ್ನಿಗೆ ಬಿಳಿ ಕಾಳುಮೆಣಸಿನ ಚುರುಕು. ಒಣಗಿದ ಕಿತ್ತಳೆ ಸಿಪ್ಪೆ, ಬಿಸಿಲಿಗೆ ಕಾದ ಗಿಡಮೂಲಿಕೆ, ಕೊನೆಗೆ ಎಲ್ಲೋ ಸ್ವಲ್ಪ ಜ್ಯೇಷ್ಠಮಧು. ಹುಳಿ ಮೆತ್ತಗೆ. ಒಗರು ಮೃದು, ನಾಲಿಗೆಯನ್ನು ಹಿಂಡುವುದಿಲ್ಲ. ಎಳೆಯ ಬಳ್ಳಿಯೂ ಈ ಹಣ್ಣಿನ ಸಿಹಿಯನ್ನು ಕೊಡುತ್ತದೆ. ಆದರೆ ಅದು ಅತಿಯಾಗಿ ಕಾಯಿ ಹೊತ್ತಾಗ ರಸ ನೀರಾಗುತ್ತದೆ. ಹಳೆಯದು ಕೆಲವೇ ಗೊನೆ ಬಿಡುತ್ತದೆ. ಆ ಕೆಲವಕ್ಕೇ ತನ್ನದೆಲ್ಲವನ್ನೂ ಕೊಡುತ್ತದೆ. ಅದಕ್ಕೇ ಗುಟುಕು ಇಳಿದ ಮೇಲೂ ರುಚಿ ಬಾಯಲ್ಲಿ ನಿಲ್ಲುತ್ತದೆ.

ಬಿಸಿಲಿನ ಹಣ್ಣಾದ್ದರಿಂದ ಮದ್ಯಸಾರ ಹೆಚ್ಚು. ಶೇ. 14, 15ರವರೆಗೂ ಸಲೀಸಾಗಿ ಏರುತ್ತದೆ. ಅಂಥ ಬಿಸಿಯನ್ನೂ ಹಣ್ಣಿನೊಳಗೆ ಅಡಗಿಸಿಕೊಳ್ಳುವುದು ಹಳೆಯ ಬಳ್ಳಿಯ ದೊಡ್ಡ ಗುಣ ಎಂದು ನನ್ನ ನಂಬಿಕೆ. ಹೊಸ ಓಕ್ ಪೀಪಾಯಿಯ ಅಬ್ಬರ ಇದಕ್ಕೆ ಬೇಡ. ಗಾಳಿ ತಗುಲಿದರೆ ಬೇಗ ಸೊರಗುತ್ತದೆ. ಮೆಲ್ಲಗೆ ಮುಟ್ಟುವ ಕೈ ಬೇಕು. ಆ ಕೈಯನ್ನು ಅದಕ್ಕೆ ದಯಪಾಲಿಸು.

ಒಡೆಯಾ, ನನ್ನ ಎದೆಯಲ್ಲಿ ಕುಳಿತ ನೋವನ್ನೂ ಹೇಳಿಬಿಡುತ್ತೇನೆ. 1980ರ ದಶಕದ ನಡುವೆ ವೈನಿನ ದ್ರಾಕ್ಷಿ ಹೆಚ್ಚಾಯಿತೆಂದು ಅಲ್ಲಿನ ಸರ್ಕಾರವೇ ಹಣ ಕೊಟ್ಟು ಬಳ್ಳಿ ಕೀಳಿಸಿತು. ಗ್ರೆನಾಶ್ ಅಂದರೆ ಅಗ್ಗದ ಸಿಹಿ ಪೋರ್ಟ್ ವೈನಿಗೆ ಹಾಕುವ ಹಣ್ಣು ಎಂಬ ಅಸಡ್ಡೆ ಆಗ. ನೂರು ವರ್ಷ ಬರವನ್ನು ಸಹಿಸಿದ ಬೇರುಗಳು ಟ್ರ್ಯಾಕ್ಟರಿನ ಸರಪಳಿಗೆ ಸಿಕ್ಕಿ ಮೇಲೆ ಬಂದವು. ಕಿತ್ತ ರೈತನನ್ನು ನಾನು ದೂರುವುದಿಲ್ಲ. ಸಾಲವಿದ್ದವನಿಗೆ ಹಳೆಯದರ ಮೇಲಿನ ಮಮತೆ ದುಬಾರಿ. ನೀನೂ ಅವನನ್ನು ದೂರಬೇಡ.

ಕೆಲವರು ಕೀಳಲಿಲ್ಲ. ಅವರಿಗಾಗಿ ನಿನಗೆ ಕೃತಜ್ಞತೆ. ವೈನ್ ತಯಾರಕ ಚಾರ್ಲ್ಸ್ ಮೆಲ್ಟನ್ ಅಂಥವರು ಯಾರಿಗೂ ಬೇಡವಾದ ಆ ಹಣ್ಣನ್ನು ಕೊಂಡು, ಒಳ್ಳೆಯ ಕೆಂಪು ವೈನ್ ಮಾಡಿ ತೋರಿಸಿದರು. ಬಳ್ಳಿಗೆ ಮತ್ತೆ ಬೆಲೆ ಬಂತು. 2009ರಲ್ಲಿ ಬರೋಸಾದವರು ವಯಸ್ಸಿಗೆ ತಕ್ಕ ಗೌರವವನ್ನೂ ಬರೆದಿಟ್ಟರು: 35 ದಾಟಿದ್ದು ಹಳೆಯದು, 70 ದಾಟಿದ್ದು ಬದುಕುಳಿದದ್ದು, 100 ದಾಟಿದ್ದು ಶತಾಯುಷಿ, 125 ದಾಟಿದ್ದು ಪೂರ್ವಜ. ಒಂದು ಗಿಡವನ್ನು ಪೂರ್ವಜನೆಂದು ಕರೆಯುವ ಮನಸ್ಸನ್ನು ಮನುಷ್ಯರಲ್ಲಿ ಇಟ್ಟೆಯಲ್ಲ, ನಿನ್ನ ಕರುಣೆ ದೊಡ್ಡದು.

ಈಗ ಬೇಡಿಕೆ. ಆಸ್ಟ್ರೇಲಿಯಾದಲ್ಲಿ ಮತ್ತೆ ಕೆಂಪು ವೈನ್ ಬೇಡಿಕೆ ಮೀರಿ ಉಳಿದಿದೆ. ದ್ರಾಕ್ಷಿಯ ದರ ಬಿದ್ದಿದೆ. ತೋಟ ಕೀಳುವ ಮಾತು ಮತ್ತೆ ಕೇಳಿಬರುತ್ತಿದೆ. ಹೊಸದನ್ನು ಕಿತ್ತರೆ ಹತ್ತಾರು ವರ್ಷದಲ್ಲಿ ಮತ್ತೆ ಬೆಳೆಸಬಹುದು. 1848ರ ಬಳ್ಳಿಯನ್ನು ಯಾರೂ ಮತ್ತೆ ಬೆಳೆಸಲಾರರು. ಅದಕ್ಕೆ ಕೇಳುತ್ತೇನೆ: ಬೆಳೆಗಾರನ ಸಾಲವನ್ನು ಹಗುರ ಮಾಡು. ಕೊಳ್ಳುವವರು ಹಳೆಯ ಬಳ್ಳಿಯ ಹಣ್ಣಿಗೆ ನ್ಯಾಯವಾದ ಬೆಲೆ ಕೊಡುವಂತೆ ಮಾಡು. ಈ ಬಳ್ಳಿಗಳಿಗೆ ಸರಪಳಿ ತಾಗದಂತೆ ಕಾಪಾಡು.